ಸಿಎನ್‌ಸಿ ಆಪರೇಟರ್ ಈಗ ಕಲಿಯಬೇಕಾದದ್ದು

ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರದ ಚಕ್‌ಗೆ (ಭಾಗವನ್ನು ಬಿಗಿಯಾಗಿ ಹಿಡಿಯುವ ಹಿಡಿಕೆಗೆ) ಬಿಡಿಭಾಗ ಕೂರಿಸಿ ಬಟನ್ ಒತ್ತುವಷ್ಟು ಕೆಲಸವನ್ನು ರೋಬೋ ತೋಳು ದಣಿಯದೆ ಮಾಡಬಲ್ಲದಾದ್ದರಿಂದ, ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಆಪರೇಟರ್ ಮೊದಲು ಅಳತೆ ತಿದ್ದುವುದನ್ನು ಕಲಿಯಬೇಕು. 25.00 ಮಿ.ಮೀ. ವ್ಯಾಸ ಬರಬೇಕಾದ ಶಾಫ್ಟ್ ಮೈಕ್ರೋಮೀಟರ್‌ನಲ್ಲಿ 25.02 ತೋರಿಸಿದರೆ, ವ್ಯಾಸದ ಲೆಕ್ಕದಲ್ಲಿ ನಡೆಯುವ ಲೇತ್‌ನ ಎಕ್ಸ್ ವೇರ್ ಆಫ್‌ಸೆಟ್‌ಗೆ (ಟೂಲ್ ಸವೆತಕ್ಕೆ ತಕ್ಕಂತೆ ವ್ಯಾಸ ತಿದ್ದುವ ಸಂಖ್ಯೆಗೆ) ಮೈನಸ್ 0.02 ಸೇರಿಸಬೇಕು, ಆದರೆ ಬಿಸಿ ಉಕ್ಕು ಹಿಗ್ಗಿ ಸುಳ್ಳು ಅಳತೆ ಕೊಡುವುದರಿಂದ, ಅದಕ್ಕೂ ಮುನ್ನ ಭಾಗ ತಣಿದಿದೆಯೇ, ಇನ್ಸರ್ಟ್‌ನ (ಲೋಹ ಕತ್ತರಿಸುವ, ಬದಲಿಸಬಹುದಾದ ಟೂಲ್ ತುದಿಯ) ಅಂಚು ಸವೆದಿದೆಯೇ ಎಂದು ನೋಡಬೇಕು. ಈ ಅನುಮಾನವೇ, ನನ್ನ ಅಭಿಪ್ರಾಯದಲ್ಲಿ, ಆಪರೇಟರ್‌ನ ನಿಜವಾದ ಬಂಡವಾಳ. ಕಂಪನ ಸಂವೇದಕದ ದತ್ತಾಂಶ ಓದಿ ಎಐ ತಂತ್ರಾಂಶ ಎಚ್ಚರಿಸಿದಾಗ ಅದನ್ನು ಸುಮ್ಮನೆ ಅಳಿಸದೆ, ಸಮಯ, ಟೂಲ್ ಸಂಖ್ಯೆ ಮತ್ತು ಕಂಡ ಕಾರಣವನ್ನು ಬರೆದಿಡಿ. ಪ್ರೋಗ್ರಾಮಿಂಗ್‌ಗೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಅಲ್ಪಾವಧಿ ತರಬೇತಿಗಳನ್ನು ವಿಚಾರಿಸಬಹುದು.