ಚಹಾ ಕಪ್ಪಿನ ರೈಲು ಗಾಲಿ: ಮನೆಮಂದಿಯೆಲ್ಲ ಕೂತು ಮಾಡುವ ಕಾರ್ಯಾಗಾರ

ರೈಲಿಗೆ ಸ್ಟಿಯರಿಂಗ್ ಇಲ್ಲ. ಹಾಗಿದ್ದರೆ ತಿರುವಿನಲ್ಲಿ ಅದು ತಿರುಗುವುದು ಹೇಗೆ? ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ 2020ರಲ್ಲಿ ಶುರುವಾದ ರೈಲು ವಸ್ತುಸಂಗ್ರಹಾಲಯದಂಥ ಜಾಗದಲ್ಲಿ ಒಂದೂವರೆ ತಾಸಿನ ಕಾರ್ಯಾಗಾರಕ್ಕೆ ಈ ಒಂದು ಪ್ರಶ್ನೆ ಸಾಕು. ಎಂಟು ವರ್ಷ ದಾಟಿದ ಮಕ್ಕಳಿಗೆ ಸರಿಹೊಂದುತ್ತದೆ.

ರೈಲಿನ ನಿಜವಾದ ಗಾಲಿ ತೋರಿಸುವುದನ್ನು ಕಡೆಗೆ ಇಟ್ಟುಕೊಳ್ಳಿ. ಮೊದಲೇ ನೋಡಿದರೆ ಒಳಅಂಚಿನ ಏಣು, ಅಂದರೆ ಫ್ಲೇಂಜ್, ಕಣ್ಣಿಗೆ ಬೀಳುತ್ತದೆ; ‘ಅದs ಹಿಡಕೊಂಡಿರತೈತಿ’ ಅಂತ ಮಕ್ಕಳು ವಿಚಾರ ಮುಗಿಸಿಬಿಡುತ್ತಾರೆ.

ಒಂದೊಂದು ಕುಟುಂಬಕ್ಕೆ ಒಂದೇ ಅಳತೆಯ ನಾಲ್ಕು ಪೇಪರ್ ಕಪ್, ಹಳೆಯ ದಿನಪತ್ರಿಕೆ, ಸೆಲ್ಲೋ ಟೇಪ್, ಅಳತೆ ಪಟ್ಟಿ ಕೊಡಿ. ಬಾಯಿ 7 ಸೆಂ.ಮೀ., ತಳ 5, ಎತ್ತರ 7.5 ಇರುವ ಕಪ್ ಆದರೆ ಮುಂದಿನ ಲೆಕ್ಕ ಹೊಂದುತ್ತದೆ. ಹಳಿಗೆ ವೈರಿಂಗ್‌ನವರ 20 ಮಿ.ಮೀ. ಪಿವಿಸಿ ಪೈಪಿನ ಒಂದೊಂದು ಮೀಟರಿನ ಎರಡು ತುಂಡು. ನಡುವಿನ ಅಂತರ 8 ಸೆಂ.ಮೀ., ಒಂದು ತುದಿ 5 ಸೆಂ.ಮೀ. ಎತ್ತರ.

ಪ್ರತಿ ಮನೆಯವರೂ ಮೂರು ಗಾಲಿ ಮಾಡಲಿ: ಎರಡು ಕಪ್ಪಿನ ತಳಕ್ಕೆ ತಳ ಅಂಟಿಸಿದ್ದು, ಬಾಯಿಗೆ ಬಾಯಿ ಅಂಟಿಸಿದ್ದು, ಮೂರನೆಯದು ಪತ್ರಿಕೆ ಸುತ್ತಿದ ಸಮ ಕೊಳವೆ. ಯಾವುದು ಕೊನೆ ಮುಟ್ಟುತ್ತದೆ ಎಂದು ಉರುಳಿಸುವ ಮೊದಲೇ ಬರೆದಿಡಿಸಿ, ಅಪ್ಪ ಅವ್ವನ ಕೈಯಲ್ಲೂ. ತಳ ಕೂಡಿದ್ದು ಸ್ವಲ್ಪ ದೂರದಲ್ಲೇ ಬೀಳುತ್ತದೆ. ಕೊಳವೆ ಒಂದಿಷ್ಟು ಸೊಟ್ಟಗೆ ಇಟ್ಟಿದ್ದರೂ ಅದೇ ಕಡೆ ಜಾರುತ್ತಾ ಹೋಗುತ್ತದೆ. ಬಾಯಿ ಕೂಡಿದ್ದನ್ನು ಬೇಕೆಂದೇ ಸೊಟ್ಟ ಇಡಿ: ಎಡಕ್ಕೆ ಸರಿದರೆ ಎಡಗಡೆ ದಪ್ಪ ಭಾಗ ಹಳಿಗೆ ಬರುತ್ತದೆ, ಆ ಬದಿ ಒಂದು ಸುತ್ತಿಗೆ ಹೆಚ್ಚು ದೂರ ಉರುಳಿ ಗಾಲಿಯನ್ನು ಮತ್ತೆ ನಡುವಿಗೆ ತಿರುಗಿಸುತ್ತದೆ. ತೂಗುತ್ತಾ ಹೋಗುವ ಈ ಓಲಾಟ ಮೇಲಿನ ಅಳತೆಗೆ ಸುಮಾರು 60 ಸೆಂ.ಮೀ.ಗೆ ಒಂದು ಸಲ, ಎಡಕ್ಕೂ ಬಲಕ್ಕೂ ತೂಗಿ, ಪೂರ್ತಿಯಾಗುತ್ತದೆ. ವೇಗದ ರೈಲಿಗೂ ಇದೇ ಕಾಟ. ರೈಲ್ವೆ ಎಂಜಿನಿಯರರು ಅದಕ್ಕೆ ಹಂಟಿಂಗ್ ಅನ್ನುತ್ತಾರೆ.

ಕೆಡುವುದು ಹೆಚ್ಚಾಗಿ ಅಂಟಿಸುವಾಗಲೇ. ಒಂದೇ ಕಡೆಯಿಂದ ಟೇಪ್ ಸುತ್ತುತ್ತಾ ಬಂದರೆ ಬಾಯಿ ಸರಿಯುತ್ತದೆ, ಗಾಲಿ ಕುಂಟುತ್ತದೆ. ಮೊದಲು ನಾಲ್ಕು ಕಡೆ ಚಿಕ್ಕ ತುಂಡು ಹಚ್ಚಿ, ಆಮೇಲೆ ಒಂದೇ ಸುತ್ತು. ಟೇಪ್ ಹೆಚ್ಚಾದ ಬದಿ ಭಾರವಾಗಿ ಕೆಳಗೆ ನಿಂತುಬಿಡುತ್ತದೆ. ಸರಿಯಾದ ಗಾಲಿಯೂ ಒಂದೇ ಕಡೆ ಬೀಳುತ್ತಿದ್ದರೆ ಒಂದು ಹಳಿ ತಗ್ಗಿದೆ ಎಂದರ್ಥ, ಮಟ್ಟ ನೋಡುವ ಲೆವೆಲ್ ಇಟ್ಟು ನೋಡಿ. ಅದಕ್ಕೂ ಮೊದಲು ಫ್ಯಾನ್ ಆರಿಸಿ. ಖಾಲಿ ಕಪ್ಪಿಗೆ ಸೀಲಿಂಗ್ ಫ್ಯಾನಿನ ಗಾಳಿ ಧಾರಾಳ ಸಾಕು.

ತಿರುವಿಗೆ 16 ಮಿ.ಮೀ. ಡ್ರಿಪ್ ಪೈಪ್ ತನ್ನಿ. ಸುರುಳಿಯಲ್ಲೇ ಬರುವುದರಿಂದ ತಾನಾಗಿ ಬಾಗಿರುತ್ತದೆ. ಪ್ಲೈವುಡ್ ಮೇಲೆ ದಾರ ಕಟ್ಟಿದ ಪೆನ್ಸಿಲಿನಿಂದ 96 ಮತ್ತು 104 ಸೆಂ.ಮೀ. ತ್ರಿಜ್ಯದ ಎರಡು ಕಮಾನು ಗೆರೆ ಎಳೆದು, ಪೈಪನ್ನು ಅದರ ಮೇಲೆ ಬಿಸಿ ಅಂಟಿನಿಂದ ಕೂರಿಸಿ (ಗ್ಲೂ ಗನ್ ದೊಡ್ಡವರ ಕೈಯಲ್ಲೇ ಇರಲಿ). ತಿರುವಿನ ಹಲಗೆ ಮಟ್ಟಸವಾಗಿರಬೇಕು, ಇಳಿಜಾರು ನೇರ ಹಳಿಗೆ ಮಾತ್ರ. ಹಲಗೆಯನ್ನೇ ಓರೆ ಮಾಡಿದರೆ ತಿರುವಿನ ಕೊನೆಗೆ ಒಂದು ಹಳಿ ತಗ್ಗಿ, ಗಾಲಿ ಬಿದ್ದದ್ದು ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ತಿರುವಿನಲ್ಲಿ ಹೊರಹಳಿ ಉದ್ದ, ಗಾಲಿ ಹೊರಕ್ಕೆ ಸರಿದು ದಪ್ಪ ಭಾಗ ಅದರ ಮೇಲೆ ಬಂದರೆ ತಾನೇ ತಿರುಗುತ್ತದೆ. ಈ ತಿರುವಿನಲ್ಲಿ ಗಾಲಿ ಹೊರಗಡೆಗೆ ಸುಮಾರು 9 ಮಿ.ಮೀ. ಸರಿದು ಓಡಬೇಕು; ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಕಾಣುತ್ತದೆ. ನೇರ ಹಳಿಯೂ ತಿರುವಿನ ಹಳಿಯೂ ಕೂಡುವಲ್ಲಿ ಒಂದೇ ಎತ್ತರಕ್ಕೆ ಬರಲಿ: ಡ್ರಿಪ್ ಪೈಪ್ 4 ಮಿ.ಮೀ. ಸಣ್ಣದು, ಆದರೆ ಅದರಡಿ ಹಲಗೆಯ ದಪ್ಪವೂ ಇದೆ; ತಗ್ಗಿದ ಕಡೆಗೆ ಕೆಳಗೆ ರಟ್ಟು ಇಡಿ.

ಈಗ ನಿಜವಾದ ಗಾಲಿಯ ಹತ್ತಿರ ಕರೆದೊಯ್ಯಿರಿ. ಹಳಿಯ ಮೇಲೆ ಕೂರುವ ಭಾಗ ಒಳಗಿನಿಂದ ಹೊರಕ್ಕೆ ಸಣ್ಣಗಾಗುತ್ತಾ ಹೋಗುತ್ತದೆ. ಭಾರತೀಯ ರೈಲಿನಲ್ಲಿ ಬಹುಕಾಲ ನಡೆದುಬಂದ ಇಳುಕಲು 20ಕ್ಕೆ 1, ಅಂದರೆ 20 ಮಿ.ಮೀ. ಹೊರಕ್ಕೆ ಹೋದರೆ ತ್ರಿಜ್ಯ 1 ಮಿ.ಮೀ. ಕಡಿಮೆ. ಕಪ್ಪಿನದು ಏಳೂವರೆಗೆ 1, ಅದಕ್ಕೇ ಅಷ್ಟು ಓಲಾಟ. ಫ್ಲೇಂಜ್ ಹಳಿಗೆ ತಾಗುವುದು ತಿರುವು ಬಿಗಿಯಾದಾಗ, ಕಾವಲಿಗೆ. ಬ್ರಾಡ್ ಗೇಜ್ ಹಳಿ ಇದ್ದಲ್ಲಿ ಮಕ್ಕಳ ಕೈಗೆ ಅಳತೆ ಟೇಪ್ ಕೊಡಿ, ಒಳಬದಿಯಿಂದ ಒಳಬದಿಗೆ 1,676 ಮಿ.ಮೀ. ಬರಬೇಕು. 1990ರ ದಶಕದವರೆಗೂ ಹುಬ್ಬಳ್ಳಿಯ ಹಳಿ ಮೀಟರ್ ಗೇಜ್, ಅಂದರೆ 1,000 ಮಿ.ಮೀ. ಜೊತೆಗೆ ಬಂದ ಅಜ್ಜಂದಿರು ಆ ಗಾಡಿಗಳಲ್ಲಿ ಓಡಾಡಿದವರೇ. ಉಳಿದ ಹತ್ತು ನಿಮಿಷ ಅವರಿಗೆ ಬಿಟ್ಟುಬಿಡಿ.