ಡ್ರ್ಯಾಗ್ ಕಾರಿನ ಗೇರ್‌ಬಾಕ್ಸ್‌ನಲ್ಲಿ ಬಿಸಿ ಎಲ್ಲಿ ಅಡಗಿರುತ್ತೆ?

ಎಂಜಿನ್ ಸ್ಟಾರ್ಟ್ ಮಾಡಿದ್ದೆ, ಅಷ್ಟೆ. ಗೇರ್ ಹಾಕಿರಲಿಲ್ಲ. ಕಾರು ಒಂದು ಅಡಿಯೂ ಕದಲಿರಲಿಲ್ಲ. ಆದರೂ ಗೇರ್‌ಬಾಕ್ಸ್ ಆಯಿಲ್‌ನ ಗೇಜು 75 ಡಿಗ್ರಿಯಿಂದ ಏರತೊಡಗಿತು. ಒಂದು ನಿಮಿಷದಲ್ಲಿ 92. ಇಪ್ಪತ್ತು ನಿಮಿಷ ಫ್ಯಾನ್ ಓಡಿಸಿ ತಣ್ಣಗೆ ಮಾಡಿದ್ದ ಆಯಿಲ್ ಅದು. ಹಾಗಾದರೆ ಈ ಬಿಸಿ ಎಲ್ಲಿಂದ ಬಂತು?

ನನ್ನ ಕಾರಿನಲ್ಲಿರುವುದು ಎರಡು ಗೇರಿನ ಪವರ್‌ಗ್ಲೈಡ್ ಅನ್ನೋ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಜೊತೆಗೆ ಎಂಟು ಇಂಚಿನ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ. ಓಡುವುದು ಬ್ರ್ಯಾಕೆಟ್ ರೇಸಿಂಗ್, ನೇರ ದಾರಿಯ ಡ್ರ್ಯಾಗ್ ರೇಸ್‌ನಲ್ಲೇ ಒಂದು ಬಗೆ. ಕಾಲು ಮೈಲಿಯನ್ನು, ಅಂದರೆ ಸುಮಾರು 402 ಮೀಟರ್ ದೂರವನ್ನು, ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತೇನೆ ಅಂತ ಮೊದಲೇ ಗಾಜಿನ ಮೇಲೆ ಬರೆದು ಓಡಬೇಕು. ಬರೆದದ್ದಕ್ಕಿಂತ ನಿಧಾನವಾದರೂ ಕಷ್ಟ, ಬೇಗ ಮುಗಿಸಿದರೂ ಕಷ್ಟ. ನನ್ನದು ಬೆಳಿಗ್ಗೆ ಒಂದೇ ಸಮ ಓಡುತ್ತಿತ್ತು. ಸಂಜೆ ರೌಂಡ್‌ಗಳು ಹತ್ತಿರ ಹತ್ತಿರ ಬಂದಂತೆ ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಭಾಗ ನಿಧಾನವಾಗುತ್ತಿತ್ತು. ಹವಾಮಾನ, ಟೈರು, ಕಾರ್ಬುರೇಟರ್, ಎಲ್ಲದರ ಮೇಲೂ ಅನುಮಾನ ಪಟ್ಟೆ. ಗೇರ್‌ಬಾಕ್ಸ್ ಕಡೆ ನೋಡಲೇ ಇಲ್ಲ. ಆಯಿಲ್ ತಣ್ಣಗೆ ಮಾಡೋ ದೊಡ್ಡ ಕೂಲರ್ ಹಾಕಿದ್ದೀನಲ್ಲ ಅನ್ನೋ ಧೈರ್ಯ.

ಮೊದಲು ಬಿಸಿ ಹುಟ್ಟುವ ಜಾಗ ಗೊತ್ತಿರಬೇಕು. ಗೇರುಗಳಿಂದ, ಕ್ಲಚ್ ಪ್ಲೇಟುಗಳಿಂದ ಬರುವುದು ಸ್ವಲ್ಪ. ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಟ್ಟುವುದು ಕನ್ವರ್ಟರ್‌ನಲ್ಲೇ, ಅದೂ ಸ್ಟಾರ್ಟ್ ಲೈನ್‌ನಲ್ಲಿ ನಿಂತಾಗ. ಟ್ರಾನ್ಸ್‌ಬ್ರೇಕ್, ಅಂದರೆ ಗೇರ್‌ಬಾಕ್ಸನ್ನೇ ಬಿಗಿದು ಕಾರನ್ನು ನಿಲ್ಲಿಸಿಡುವ ಬ್ರೇಕ್, ಅದರ ಬಟನ್ ಒತ್ತಿ ಆಕ್ಸಿಲರೇಟರ್ ತುಳಿದಿರುತ್ತೇವೆ. ಎಂಜಿನ್ ತಿರುಗುತ್ತಿದೆ, ಕಾರು ಕದಲುತ್ತಿಲ್ಲ. ಆ ಶಕ್ತಿ ಹೋಗೋಕೆ ಬೇರೆ ದಾರಿ ಇಲ್ಲ. ಆಯಿಲನ್ನು ಕಡೆದು ಕಡೆದು ಬಿಸಿ ಮಾಡುತ್ತದೆ. ಒಂದು ಅಂದಾಜು ಲೆಕ್ಕ ಹಾಕಿದೆ. ಕನ್ವರ್ಟರ್ ನುಂಗುವುದು 200 ಕಿಲೋವ್ಯಾಟ್ ಅಂತಿಟ್ಟುಕೊಳ್ಳಿ. ಎರಡು ಸೆಕೆಂಡಿಗೆ 400 ಕಿಲೋಜೂಲ್. ಒಳಗಿರುವ ಮೂರು ಲೀಟರ್ ಆಯಿಲ್ ಒಂದು ಡಿಗ್ರಿ ಏರಲು 5 ಕಿಲೋಜೂಲ್ ಸಾಕು. ಅಷ್ಟೂ ಆಯಿಲ್‌ಗೇ ಹೋದರೆ 80 ಡಿಗ್ರಿ ಏರುತ್ತದೆ! ಒಂದಷ್ಟನ್ನು ಕನ್ವರ್ಟರ್‌ನ ಕಬ್ಬಿಣ ಹೀರಿಕೊಳ್ಳುತ್ತದೆ, ಹಾಗಾಗಿ ನಿಜವಾಗಿ ಏರುವುದು ಅದಕ್ಕಿಂತ ಕಡಿಮೆ. ಆದರೂ ಬರೀ ಎರಡು ಸೆಕೆಂಡಿನ ಮಾತು ಇದು, ಅಲ್ವಾ?

ಸರಿ, ಆ ಸಂಜೆಗೆ ಬರೋಣ. ಎಂಜಿನ್ ಆಫ್ ಮಾಡಿ ಕೂಲರ್ ಮುಟ್ಟಿದೆ, ಅಷ್ಟೇನೂ ಬಿಸಿಯಿರಲಿಲ್ಲ. ಕಾರಿನ ಕೆಳಗೆ ಹೋಗಿ ಗೇರ್‌ಬಾಕ್ಸ್‌ನ ತಳದಲ್ಲಿ ಆಯಿಲ್ ನಿಲ್ಲುವ ಪ್ಯಾನ್ ಮುಟ್ಟಿದೆ, ಬಿಸಿಯಿತ್ತು. ಕನ್ವರ್ಟರನ್ನು ಮುಚ್ಚಿರುವ ಬೆಲ್‌ಹೌಸಿಂಗ್ ಕೆಳಗಿನ ಸಂದಿಯಿಂದ ಕನ್ವರ್ಟರ್ ಹತ್ತಿರ ಕೈ ಒಯ್ದೆ. ಮುಟ್ಟುವ ಮೊದಲೇ ಬೆರಳಿಗೆ ಝಳ ಬಡಿಯಿತು. ಆಗ ತಲೆಗೆ ಹೊಳೆಯಿತು. ಗೇರ್‌ಬಾಕ್ಸ್‌ನ ಪಂಪನ್ನು ತಿರುಗಿಸುವುದು ಕನ್ವರ್ಟರ್, ಕನ್ವರ್ಟರನ್ನು ತಿರುಗಿಸುವುದು ಎಂಜಿನ್. ನಾನು ಪಿಟ್‌ಗೆ ಬಂದ ತಕ್ಷಣ ಎಂಜಿನ್ ಆಫ್ ಮಾಡುತ್ತಿದ್ದೆ. ಅಲ್ಲಿಗೆ ಆಯಿಲ್ ಓಡಾಟ ನಿಂತೇ ಹೋಯಿತು. ಫ್ಯಾನ್ ಇಪ್ಪತ್ತು ನಿಮಿಷ ತಣ್ಣಗೆ ಮಾಡಿದ್ದು ಕೂಲರ್ ಒಳಗಿದ್ದ ಒಂದಿಷ್ಟು ಆಯಿಲನ್ನು ಮಾತ್ರ. ನಿಜವಾದ ಬಿಸಿ ಕನ್ವರ್ಟರ್‌ನಲ್ಲೇ ಕೂತಿತ್ತು. ಸಂಜೆ ಕಾರು ನಿಧಾನವಾಗುತ್ತಿದ್ದದ್ದೂ ಅದಕ್ಕೇ. ಸೆನ್ಸರ್ ಇದ್ದದ್ದು ಪ್ಯಾನ್‌ನಲ್ಲಿ, ಅದಕ್ಕೆ ಇದು ಕಾಣಲೇ ಇಲ್ಲ. ಗಾಯ ಒಂದು ಕಡೆ, ಮುಲಾಮು ಇನ್ನೊಂದು ಕಡೆ.

ಮರುದಿನವೇ ಎರಡನೇ ಸೆನ್ಸರನ್ನು ಕನ್ವರ್ಟರ್‌ನಿಂದ ಕೂಲರ್‌ಗೆ ಹೋಗುವ ಲೈನಿಗೆ ಹಾಕಿದೆ. ಪ್ಯಾನ್ ಗೇಜನ್ನು ತೆಗೆದಿಲ್ಲ, ಎರಡನ್ನೂ ನೋಡುತ್ತೇನೆ. ಈಗ ಓಟ ಮುಗಿಸಿ ಬಂದ ಮೇಲೆ ಚಕ್ರಕ್ಕೆ ಅಡ್ಡ ಇಟ್ಟು, ನ್ಯೂಟ್ರಲ್‌ನಲ್ಲಿ, ಫ್ಯಾನ್ ಹಾಕಿ, ಮೂರು ನಾಲ್ಕು ನಿಮಿಷ ಎಂಜಿನನ್ನು ಐಡಲ್‌ನಲ್ಲಿ ಬಿಡುತ್ತೇನೆ. ಲೈನಿನ ಗೇಜು ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಎರಡೂ ಗೇಜು ಹತ್ತಿರ ಬಂದಮೇಲೇ ಎಂಜಿನ್ ಆಫ್. ಹಳೆಯ ಟಾರ್ಕ್‌ಫ್ಲೈಟ್ (ಇನ್ನೊಂದು ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇಟ್ಟುಕೊಂಡಿರುವವರು ಗಮನಿಸಿ: ಅದರಲ್ಲಿ ಪಾರ್ಕ್‌ಗೆ ಹಾಕಿದರೆ ಕನ್ವರ್ಟರ್‌ಗೆ ಆಯಿಲ್ ಹೋಗುವುದಿಲ್ಲ. ನ್ಯೂಟ್ರಲ್‌ನಲ್ಲೇ ಬಿಡಬೇಕು.

ಕೂಲರನ್ನೂ ರೇಡಿಯೇಟರ್ ಮುಂದಿನಿಂದ ತೆಗೆದೆ. ಅಲ್ಲಿದ್ದರೆ ಅದರ ಬಿಸಿ ಗಾಳಿ ರೇಡಿಯೇಟರ್‌ಗೇ ಹೊಡೆಯುತ್ತದೆ. ಈಗ ಹಿಂದೆ, ಅದರದ್ದೇ ಫ್ಯಾನ್ ಜೊತೆ. ಲೈನ್ ಉದ್ದವಾಯಿತು ಅಂತ ದಪ್ಪ ಹೋಸ್ ಹಾಕಿದೆ. ಇದು ಸುಮ್ನೆ ಮಾಡಿದ್ದಲ್ಲ. ಕೂಲರ್‌ನಿಂದ ವಾಪಸ್ ಬರುವ ಆಯಿಲೇ ಗೇರ್‌ಬಾಕ್ಸ್ ಒಳಗಿನ ಬುಷ್‌ಗಳಿಗೂ ಗೇರುಗಳಿಗೂ ಹೋಗುವುದು. ಲೈನು ಎಲ್ಲಾದರೂ ಮಡಚಿಕೊಂಡರೆ ಬಿಸಿ ಏರುವುದರ ಜೊತೆಗೆ ಒಳಗೆ ಒಣಗಿ ಸವೆಯುತ್ತದೆ. ಕೂಲರ್‌ನ ಬಾಯಿಗಳು ಮೇಲ್ಮುಖವಾಗಿರಲಿ, ಆಗ ಗಾಳಿ ಸಿಕ್ಕಿಕೊಳ್ಳುವುದಿಲ್ಲ.

ಒಂದು ತಪ್ಪನ್ನು ಹೇಳಲೇಬೇಕು. ದೊಡ್ಡ ಪ್ಯಾನ್ ಹಾಕಿದಾಗ, ಆಯಿಲ್ ಜಾಸ್ತಿ ಇದ್ದಷ್ಟೂ ತಣ್ಣಗಿರುತ್ತೆ ಅಂತ ಒಂದು ಲೀಟರ್ ಹೆಚ್ಚಿಗೆ ಸುರಿದೆ. ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡಿದವು. ಓಟದ ಕೊನೆಯಲ್ಲಿ ಗೇರ್‌ಬಾಕ್ಸ್‌ನ ಗಾಳಿಕಿಂಡಿಯಾದ ಬ್ರೀದರ್‌ನಿಂದ ಉಕ್ಕಿ ಸೈಲೆನ್ಸರ್ ಪೈಪಿನ ಮೇಲೆ ಬಿತ್ತು. ಬಿಳಿ ಹೊಗೆ ಕ್ಯಾಬಿನ್ ತುಂಬಿತು. ಸ್ಟೀರಿಂಗ್ ಹಿಡಿದ ಕೈ ನಡುಗಿದ್ದು ಈಗಲೂ ನೆನಪಿದೆ. ಆ ಆಯಿಲ್ ಹಿಂದಿನ ಟೈರಿಗೆ ಬಿದ್ದಿದ್ದರೆ ಕಾರು ಗೋಡೆಗೆ ಹೋಗುತ್ತಿತ್ತು. ಈಗ ಆಯಿಲ್ ಬಿಸಿ ಇದ್ದಾಗ, ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡುತ್ತೇನೆ. ಅದನ್ನು ಬಿಳಿ ಬಟ್ಟೆಗೆ ಒರೆಸುತ್ತೇನೆ. ಕೆಂಪಗಿದ್ದರೆ ಸರಿ. ಕಂದು ಬಣ್ಣ, ಸುಟ್ಟ ವಾಸನೆ ಬಂದರೆ ಅವತ್ತೇ ಬದಲಿಸುತ್ತೇನೆ. 115 ಡಿಗ್ರಿ ದಾಟಿ ತುಂಬಾ ಹೊತ್ತು ಇದ್ದರೆ ಆಯಿಲ್ ಒಳಗೆ ಅಂಟುಪೊರೆ ಕಟ್ಟಲು ಶುರುಮಾಡುತ್ತದೆ. ಅದಕ್ಕಿಂತ ಮೇಲೆ ಹೋದರೆ ರಬ್ಬರ್ ಸೀಲುಗಳು ಗಡುಸಾಗುತ್ತವೆ.

ತೀರಾ ತಣ್ಣಗಾದರೂ ನನಗೆ ಬೇಡ. ಆಯಿಲ್ ಮಂದವಾಗಿ ಕಾರು ಎಳೆದಂತಾಗುತ್ತದೆ, ಬೆಳಗಿನ ಮೊದಲ ಓಟ ಅದಕ್ಕೇ ನಿಧಾನ. ನನ್ನ ಕಾರಿಗೆ 70 ಡಿಗ್ರಿ ಒಗ್ಗುತ್ತದೆ. ಬೆಳಿಗ್ಗೆ ಅಲ್ಲಿಗೆ ಏರಿಸುತ್ತೇನೆ, ಸಂಜೆ ಅಲ್ಲಿಗೆ ಇಳಿಸುತ್ತೇನೆ. ಎದುರಾಳಿಯ ಕಾರು ಲೈನಿಗೆ ಬಂದು ನಿಲ್ಲುವವರೆಗೆ ಟ್ರಾನ್ಸ್‌ಬ್ರೇಕ್ ಬಟನ್ ಮುಟ್ಟುವುದಿಲ್ಲ.

ಪ್ರತಿ ಓಟಕ್ಕೆ ಮುಂಚೆ ಎಷ್ಟು ಡಿಗ್ರಿ ಇತ್ತು, ಎಷ್ಟು ಸಮಯ ಬಂತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಮೊನ್ನೆ ಕೊನೆಯ ರೌಂಡಿಗೆ ಹತ್ತು ನಿಮಿಷವೂ ಸಿಗಲಿಲ್ಲ. 84ರಿಂದ ಕೆಳಗೆ ಇಳಿಯಲೇ ಇಲ್ಲ. ನೋಟ್‌ಬುಕ್ ತೆಗೆದು ನೋಡಿ, ಗಾಜಿನ ಮೇಲಿದ್ದ ಸಮಯವನ್ನು ಒರೆಸಿ, ನೂರರಲ್ಲಿ ಎರಡು ಭಾಗ ಸೇರಿಸಿ ಹೊಸದಾಗಿ ಬರೆದೆ.