ಎಆರ್-15: ಬೋಲ್ಟ್ ಕ್ಯಾರಿಯರ್ ಒರೆಸುವಾಗ ಏನೇನು ನೋಡಬೇಕು?

ಎಆರ್-15 ತನ್ನ ಹೊಗೆಯನ್ನು ತಾನೇ ನುಂಗುವ ರೈಫಲ್. ಯೂಜೀನ್ ಸ್ಟೋನರ್ ರೂಪಿಸಿದ ಈ ಏರ್ಪಾಟಿನಲ್ಲಿ ನಳಿಗೆಯ ಅನಿಲ ಸಣ್ಣ ಕೊಳವೆಯಲ್ಲಿ ಹಿಂದೆ ಬಂದು, ನೇರವಾಗಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಹೊತ್ತು ಜಾರುವ ಬೋಲ್ಟ್ ಕ್ಯಾರಿಯರ್‌ನ ಹೊಟ್ಟೆಗೇ ನುಗ್ಗುತ್ತದೆ. ಮಸಿಯೂ ಅಲ್ಲೇ ಕೂರುತ್ತದೆ. ಇದರ ಸೇನಾ ರೂಪವಾದ ಎಂ-16 ಅನ್ನು ವಿಯೆಟ್ನಾಂಗೆ ಕಳಿಸುವಾಗ ಅನೇಕ ಸೈನಿಕರಿಗೆ ಒರೆಸುವ ಸಾಮಾನನ್ನೇ ಕೊಟ್ಟಿರಲಿಲ್ಲ. ಗುಂಡಿನ ಮದ್ದೂ ಬದಲಾಗಿತ್ತು. ಯುದ್ಧದ ನಡುವೆ ಬಂದೂಕುಗಳು ಕಚ್ಚಿಕೊಂಡವು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೇ ವಿಚಾರಣೆಗೆ ಕೂತಿತು.

ಮೊದಲು ಮ್ಯಾಗಜಿನ್ ತೆಗೆಯಿರಿ. ಚಾರ್ಜಿಂಗ್ ಹ್ಯಾಂಡಲ್ ಹಿಂದಕ್ಕೆಳೆದು ಚೇಂಬರ್ (ಗುಂಡು ಕೂರುವ ಗೂಡು) ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ.

ಹಿಂಬದಿಯ ಪಿನ್ ಒತ್ತಿದರೆ ರೈಫಲ್ ಬಾಗಿ ತೆರೆದುಕೊಳ್ಳುತ್ತದೆ, ಕ್ಯಾರಿಯರ್ ಜಾರಿ ಕೈಗೆ ಬರುತ್ತದೆ. ಪಕ್ಕದ ರಿಟೇನಿಂಗ್ ಪಿನ್ ಎಳೆದರೆ, ಗುಂಡಿಗೆ ಬಡಿಯುವ ಫೈರಿಂಗ್ ಪಿನ್ ಅಂಗೈಗೆ ಬೀಳುತ್ತದೆ. ಬೋಲ್ಟನ್ನು ಒಳಕ್ಕೆ ತಳ್ಳಿ, ಅದನ್ನು ತಿರುಗಿಸುವ ಕ್ಯಾಮ್ ಪಿನ್ ಕಾಲು ಸುತ್ತು ತಿರುಗಿಸಿ ಎತ್ತಿ. ಬೋಲ್ಟ್ ಮುಂದಿನಿಂದ ಹೊರಬರುತ್ತದೆ. ಕಳಚಿದ್ದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ.

ಸಾಲ್ವೆಂಟ್ (ಮಸಿ ಕರಗಿಸುವ ದ್ರವ) ಹಚ್ಚಿ ಸ್ವಲ್ಪ ನೆನೆಯಲು ಬಿಟ್ಟು, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸಾಕು. ಬೋಲ್ಟ್‌ನ ಬಾಲದಲ್ಲಿ ಗಟ್ಟಿಯಾದ ಕಿಟ್ಟವನ್ನು ಚಾಕುವಿನಿಂದ ಕೆರೆಯುತ್ತಾ ಸಂಜೆ ಕಳೆಯುವವರಿದ್ದಾರೆ. ಅಲ್ಲಿ ತೆಳುವಾಗಿ ಉಳಿದ ಕಪ್ಪಿನಿಂದ ಏನೂ ಕೆಡುವುದಿಲ್ಲ. ಆ ಹೊತ್ತನ್ನು ಬಿರುಕು ಹುಡುಕಲು ಇಟ್ಟುಕೊಳ್ಳಿ.

ಬೋಲ್ಟ್‌ನ ಮುಂದಿರುವ ಏಳು ಹಲ್ಲುಗಳೇ ಸ್ಫೋಟದ ಒತ್ತಡ ತಡೆಯುವುದು. ಖಾಲಿ ತೋಟಾವನ್ನು ಹಿಡಿದೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರ್‌ನ ಎರಡು ಪಕ್ಕದ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಗೆರೆ ಇದೆಯೇ? ಟಾರ್ಚ್ ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಕ್ಯಾಮ್ ಪಿನ್ ತೂತಿನ ಸುತ್ತಲೂ ಹಾಗೆಯೇ. ಬೋಲ್ಟ್ ಒಡೆಯುವ ಇನ್ನೊಂದು ಜಾಗ ಅದು. ಗೆರೆ ಕಂಡರೆ ರಿಪೇರಿಯ ಮಾತೇ ಬೇಡ, ಬೋಲ್ಟ್ ಬದಲಿಸಿ. ಫೈರಿಂಗ್ ಪಿನ್ ತುದಿ ದುಂಡಗೆ, ನುಣುಪಾಗಿರಬೇಕು.

ಕ್ಯಾರಿಯರ್ ನೆತ್ತಿಯಲ್ಲಿ ಅನಿಲ ಒಳಸೇರುವ ಗ್ಯಾಸ್ ಕೀಯನ್ನು ಬೆರಳಿನಿಂದ ಅಲ್ಲಾಡಿಸಿ. ಅದರ ಎರಡು ಸ್ಕ್ರೂಗಳು ಸಡಿಲಾಗದಂತೆ ಪಕ್ಕದ ಲೋಹವನ್ನು ಜಜ್ಜಿ ಕೂರಿಸಿರುತ್ತಾರೆ. ಅಲುಗಿದರೆ ಅನಿಲ ಸೋರುತ್ತದೆ, ಕ್ಯಾರಿಯರ್ ಪೂರ್ತಿ ಹಿಂದೆ ಬರುವುದಿಲ್ಲ. ಬಳಿಕ ಬೋಲ್ಟ್ ಸುತ್ತ ಅನಿಲ ಸೋರದಂತೆ ತಡೆಯುವ ಮೂರು ಗ್ಯಾಸ್ ರಿಂಗ್‌ಗಳು. ಇವುಗಳ ಪರೀಕ್ಷೆ ಮಜವಾಗಿದೆ: ಜೋಡಿಸಿದ ಕ್ಯಾರಿಯರ್‌ನ ಬೋಲ್ಟನ್ನು ಕಳಚದೆ ಪೂರ್ತಿ ಮುಂದಕ್ಕೆಳೆದು, ಬೋಲ್ಟ್ ಮುಖದ ಮೇಲೆ ನೆಟ್ಟಗೆ ನಿಲ್ಲಿಸಿ. ತನ್ನ ಭಾರಕ್ಕೇ ಕುಸಿದು ಕೂತರೆ ರಿಂಗ್ ಸವೆದಿದೆ. ರಿಂಗ್‌ಗಳ ಸೀಳುಗಳು ಒಂದೇ ಸಾಲಿಗೆ ಬಂದವೆಂದು ಗಾಬರಿಪಡುವವರೂ ಉಂಟು; ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಹಲ್ಲು, ರಿಂಗ್, ಕ್ಯಾಮ್ ಪಿನ್ ಮತ್ತು ಕ್ಯಾರಿಯರ್ ಜಾರುವ ಪಟ್ಟಿಗಳಿಗೆ ಎಣ್ಣೆ ಧಾರಾಳವಾಗಿರಲಿ. ಬೋಲ್ಟ್ ಮುಖ, ಫೈರಿಂಗ್ ಪಿನ್ ಮಾತ್ರ ಒಣಗಿರಲಿ.

ಕಳಚಿದ ಕ್ರಮಕ್ಕೆ ತಿರುಗುಮುರುಗಾಗಿ ಜೋಡಿಸಿ. ಗ್ಯಾಸ್ ಕೀ ಮೇಲಿದ್ದಾಗ ಎಕ್ಸ್‌ಟ್ರ್ಯಾಕ್ಟರ್ ಬಲಕ್ಕೆ ಬರಬೇಕು. ಕ್ಯಾಮ್ ಪಿನ್ ಮರೆತು ಗುಂಡು ಹಾರಿಸಿದರೆ ರೈಫಲ್ ಕೈಯಲ್ಲೇ ಸಿಡಿಯಬಹುದು, ಹಾಗಾಗಿ ಬಟ್ಟೆಯ ಮೇಲೆ ಏನೂ ಉಳಿದಿಲ್ಲ ಎಂದು ನೋಡಿಯೇ ಮುಚ್ಚಿ. ರಿಟೇನಿಂಗ್ ಪಿನ್ ಹಾಕಿದ ಮೇಲೆ ಕ್ಯಾರಿಯರ್ ನೆಟ್ಟಗೆ ಹಿಡಿದು ಅಂಗೈಗೆ ತಟ್ಟಿ. ಫೈರಿಂಗ್ ಪಿನ್ ಉದುರಬಾರದು.

ಮಸಿಯಲ್ಲಿ ಸೀಸ ಇರುತ್ತದೆ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದೊಡನೆ ಸೋಪು ಹಚ್ಚಿ ತಣ್ಣೀರಲ್ಲಿ ಕೈ ತೊಳೆಯಿರಿ. ಆ ಟೂತ್‌ಬ್ರಷ್ ಮತ್ತೆ ಬಚ್ಚಲುಮನೆಗೆ ಹೋಗದಂತೆ ಹಿಡಿಗೆ ಕೆಂಪು ಟೇಪ್ ಸುತ್ತಿಡಿ.